ಫೋಟೋದಲ್ಲಿದ್ದ ಇನ್ನೊಬ್ಬಳು

ಕುರುಬರಹಳ್ಳಿ, ಬೆಂಗಳೂರು
12 ಜೂನ್ 2022

ಪ್ರೀತಿಯ ದಿಲ್ಶಾದ್,

ನಿನ್ನನ್ನು ನೋಡಿ ಹದಿನೆಂಟು ವರ್ಷವಾಯಿತು. ನಾನು ಕುಸುಮಾ. ವಿಜಯನಗರದ ಸರ್ಕಾರಿ ಹೈಸ್ಕೂಲಿನ ಕಬಡ್ಡಿ ಟೀಮಿನಲ್ಲಿ ನಿನ್ನ ಕೈ ಹಿಡಿದು ನಿಲ್ಲುತ್ತಿದ್ದವಳು. ಹೋದ ವಾರ ನಮ್ಮ ಪಿ.ಟಿ. ಮೇಷ್ಟ್ರು ಗುರುಬಸಪ್ಪನವರು ಒಂದು ಮದುವೆಯಲ್ಲಿ ಸಿಕ್ಕಿದ್ದರು. ನೀನು ಶಿರಾದಲ್ಲಿ ಇರುವುದು, ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿರುವುದು ಎಲ್ಲವನ್ನೂ ಹೇಳಿ, ಡೈರಿ ತೆಗೆದು ನಿನ್ನ ವಿಳಾಸ ಬರೆದುಕೊಟ್ಟರು. "ಅಷ್ಟೂ ಜನದಲ್ಲಿ ಅವಳೊಬ್ಬಳೇ ಕಣಮ್ಮ ಇನ್ನೂ ಮೈದಾನದಲ್ಲಿರೋದು" ಅಂದರು. ನನಗೆ ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಫೋನ್ ಮಾಡಬಹುದಿತ್ತು. ಆದರೆ ನನ್ನ ಫೋನು ನನ್ನ ಹತ್ತಿರ ಇರುವುದಿಲ್ಲ. ಕಾರ್ಪೊರೇಷನ್ ಎಲೆಕ್ಷನ್ ಬರುತ್ತಿದೆ, ನಮ್ಮ ವಾರ್ಡು ಈ ಸಲ ಮಹಿಳೆಯರಿಗೆ ಮೀಸಲಾಗುತ್ತದೆಂದು ಸುದ್ದಿ. ನಮ್ಮನೆಯವರು ಮಧುಕುಮಾರ್ ಹತ್ತು ವರ್ಷ ಪಕ್ಷಕ್ಕಾಗಿ ಓಡಾಡಿದ್ದಾರೆ. ತಾವು ನಿಲ್ಲುವ ಹಾಗಿಲ್ಲದಿದ್ದರೆ ನನ್ನನ್ನು ನಿಲ್ಲಿಸುತ್ತಾರಂತೆ. ಆ ಮಾತು ಬಂದ ದಿನದಿಂದ ಫೋನು ನನ್ನ ಮೈದುನ ಜೀವನ್ ಕೈಗೆ ಹೋಯಿತು. ನನ್ನ ಹೆಸರಿನಲ್ಲಿ ಹಬ್ಬದ ಶುಭಾಶಯ ಹಾಕುವವನೂ ಅವನೇ, ಕರೆಗೆ ಉತ್ತರ ಕೊಡುವವನೂ ಅವನೇ. "ಅತ್ತಿಗೆ, ನೀವು ಒಂದು ಮಾತು ಹೆಚ್ಚುಕಮ್ಮಿ ಆಡಿದ್ರೂ ರೆಕಾರ್ಡ್ ಆಗ್ಬಿಡುತ್ತೆ" ಅನ್ನುತ್ತಾನೆ. ಅದಕ್ಕೇ ನೀನು ವಿಜಯನಗರದ ನಮ್ಮಮ್ಮನ ಮನೆಗೆ ಬರೆ, ವಿಳಾಸ ಹಿಂದೆ ಇದೆ. ಪ್ರತಿ ಶುಕ್ರವಾರ ಅಲ್ಲಿಗೆ ಹೋಗುತ್ತೇನೆ. ಅಲ್ಲೇ ಓದಿ, ಅಮ್ಮನ ಟ್ರಂಕಿನಲ್ಲೇ ಇಟ್ಟು ಬರುತ್ತೇನೆ.

ಇಲ್ಲಿ ನನ್ನನ್ನು ಹೊಸದಾಗಿ ತಯಾರು ಮಾಡುತ್ತಿದ್ದಾರೆ. ಪಕ್ಷದ ಮಹಿಳಾ ಘಟಕದ ಕಲಾವತಿಯವರು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಚೂಡಿದಾರ ಇವತ್ತಿಗೇ ಬಿಡಿ. ಮೊಣಕೈವರ್ಗೂ ತೋಳು, ದಪ್ಪ ಅಂಚಿನ ಸೀರೆ, ಸೆರಗು ತಲೆ ಮೇಲೆ. ನೋಡಿದವರಿಗೆ ಕೈ ಮುಗೀಬೇಕು ಅನ್ನಿಸ್ಬೇಕು" ಅಂದರು. ನಮ್ಮ ಕಡೆ ಯಾರೇ ತಲೆ ಮೇಲೆ ಸೆರಗು ಹಾಕುತ್ತಾರೆ? ನಮ್ಮಜ್ಜಿ ಹೊಲದಲ್ಲಿ ಬಿಸಿಲಿಗೆ ಟವಲ್ ಸುತ್ತಿಕೊಳ್ಳುತ್ತಿದ್ದಳು, ಮನೆಗೆ ಬಂದರೆ ಅದೂ ಇಲ್ಲ. ಈಗ ನನಗೆ ಕಿವಿಯ ಹಿಂದೆ ಎರಡೆರಡು ಪಿನ್ನು.

ನೀನು ಹೇಗಿದ್ದೀಯ? ಒಂದು ಫೋಟೋ ಕಳಿಸು.

ನಿನ್ನ
ಕುಸುಮಾ


ಶಿರಾ
26 ಜೂನ್ 2022

ಕುಸುಮಾ,

ನಿನ್ನ ಕಾಗದವನ್ನು ಮೊದಲು ಅನ್ವರ್ ಓದಿದರು, ನಾನು ಮೈದಾನದಲ್ಲಿದ್ದೆ. ಅವರು ಕೆಇಬಿಯಲ್ಲಿ ಲೈನ್‌ಮನ್. "ನಿನ್ನ ಫ್ರೆಂಡ್ ಎಲೆಕ್ಷನ್ನಿಗೆ ನಿಲ್ತಾಳಂತೆ, ಇನ್ಮೇಲೆ ಬೆಂಗಳೂರಲ್ಲಿ ನಮಗೂ ಒಬ್ಬರು ಗೊತ್ತು" ಎಂದು ನಗಾಡಿದರು.

ನಿನಗೆ ನೆನಪಿದೆಯಾ, ನಿನ್ನ ಆಟದ ಚಡ್ಡಿ ಪಾದರಾಯನಪುರದ ನಮ್ಮ ಮನೆಯ ತಾರಸಿಯಲ್ಲಿ ಒಣಗುತ್ತಿದ್ದದ್ದು? ನಿಮ್ಮಜ್ಜಿಗೆ ಗೊತ್ತಾದರೆ ಕಾಲು ಮುರಿಯುತ್ತಾಳೆಂದು ನೀನು ಶಾಲೆಗೆ ಹೋಗುವ ಮುಂಚೆ ನಮ್ಮ ಮನೆಗೆ ಬಂದು ಅದನ್ನು ಬ್ಯಾಗಿಗೆ ಹಾಕಿಕೊಳ್ಳುತ್ತಿದ್ದೆ. ನನ್ನ ಅಬ್ಬಾ ಒಂದು ದಿನವೂ ಏನೂ ಅನ್ನಲಿಲ್ಲ. ದಾವಣಗೆರೆಯಲ್ಲಿ ರಾಜ್ಯ ಮಟ್ಟದ ಆಟ ಮುಗಿದ ಮೇಲೆ ನಾವಿಬ್ಬರೂ ಚಡ್ಡಿಯಲ್ಲೇ ಗೆದ್ದ ಕಪ್ಪು ಹಿಡಿದು ನಿಂತ ಫೋಟೋವನ್ನು ಅಬ್ಬಾ ಸಾಯುವವರೆಗೂ ಗೋಡೆಯಿಂದ ತೆಗೆದಿರಲಿಲ್ಲ.

ಈಗ ನಾನು ಬುರ್ಖಾ ಹಾಕುತ್ತೇನೆ. ಮದುವೆಯಾದ ಮೇಲೆ ಎರಡು ವರ್ಷ ಹಾಕಿರಲಿಲ್ಲ. ಹಾಕು ಅಂತ ಯಾರೂ ಹೇಳಲಿಲ್ಲ, ಬೇಡ ಅಂತಲೂ ಹೇಳಲಿಲ್ಲ. ಅಮ್ಮಿ ತೀರಿಕೊಂಡ ವರ್ಷ ಅವರದ್ದನ್ನು ಹಾಕಿಕೊಂಡೆ, ಹಾಗೇ ಉಳಿಯಿತು. ಸ್ವಲ್ಪ ನಂಬಿಕೆ, ಸ್ವಲ್ಪ ರೂಢಿ. ಈ ಫೆಬ್ರವರಿಯ ಹಿಜಾಬ್ ಗಲಾಟೆ ಆದಮೇಲೆ ಸ್ವಲ್ಪ ಹಟವೂ ಸೇರಿದೆ. ನನ್ನ ಹಳೆಯ ಆಟಗಾರ್ತಿಯರಲ್ಲಿ ಇಬ್ಬರನ್ನು ಕಾಲೇಜು ಗೇಟಿನಲ್ಲೇ ತಡೆದರು. ಒಬ್ಬಳು ಸ್ಕಾರ್ಫ್ ತೆಗೆದು ಒಳಗೆ ಹೋದಳು, ಇನ್ನೊಬ್ಬಳು ಮನೆಗೆ ಹೋದಳು. ಇಬ್ಬರೂ ನನ್ನ ಹತ್ತಿರ ಬಂದು ಅತ್ತರು.

ಮೈದಾನದಲ್ಲಿ ಬುರ್ಖಾ ಬಿಚ್ಚಿಟ್ಟು ಟ್ರ್ಯಾಕ್ ಪ್ಯಾಂಟಿನಲ್ಲಿ ಆಡಿಸುತ್ತೇನೆ. ಹದಿನಾಲ್ಕು ಹುಡುಗಿಯರಿದ್ದಾರೆ. ಎಂಟು ಜನ ನಮ್ಮವರು, ಆರು ಜನ ನಿಮ್ಮವರು. ಹೀಗೆ ಎಣಿಸುವ ಅಭ್ಯಾಸ ನನಗಿರಲಿಲ್ಲ, ಈ ವರ್ಷ ಬಂದಿದೆ. ನಾನು ಹೀಗಿರುವುದಕ್ಕೇ ಅವರಮ್ಮಂದಿರು ಹುಡುಗಿಯರನ್ನು ಕಳಿಸುತ್ತಾರೆ. "ಟೀಚರ್ ನೀವಿದ್ದೀರಲ್ಲ, ಇನ್ನೇನು ಭಯ" ಅನ್ನುತ್ತಾರೆ. ರಾಗಿಣಿ ಅಂತ ಒಬ್ಬಳಿದ್ದಾಳೆ, ಒಂಬತ್ತನೇ ಕ್ಲಾಸು. ರೈಡಿಗೆ ಹೋದರೆ ಗಾಳಿ. ಈ ಸಲ ಜಿಲ್ಲೆ ದಾಟುತ್ತೇವೆ.

ಫೋಟೋ ಇಟ್ಟಿದ್ದೇನೆ. ಮೈದಾನದ ಗೇಟಿನಲ್ಲಿ ಅನ್ವರ್ ತೆಗೆದದ್ದು. ಕೊರಳಲ್ಲಿ ಸೀಟಿ ಇದೆ ನೋಡು. ಇದು ನಿನಗೆ ಮಾತ್ರ.

ದಿಲ್ಶಾದ್


ಕುರುಬರಹಳ್ಳಿ
10 ಆಗಸ್ಟ್ 2022

ಪ್ರೀತಿಯ ದಿಲ್ಶಾದ್,

ಬರೆಯಲು ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ನಿನ್ನ ಫೋಟೋ ನೋಡಿ ಅಮ್ಮನ ಮನೆಯಲ್ಲೇ ಕೂತು ಅತ್ತುಬಿಟ್ಟೆ. ಆ ಕಪ್ಪು ಬಟ್ಟೆಯೊಳಗೆ ನನ್ನ ದಿಲ್ಶಾದ್ ಎಲ್ಲಿ ಎಂದು ಹುಡುಕಿದೆ. ಯಾರ ಬಲವಂತವೂ ಇಲ್ಲ ಎಂದು ನೀನು ಬರೆದಿದ್ದೀಯ. ಕಾಗದವನ್ನು ಅನ್ವರ್ ಮೊದಲು ಓದುತ್ತಾರೆ ಎಂದೂ ಬರೆದಿದ್ದೀಯ. ನನಗೆ ಅರ್ಥವಾಗುತ್ತದೆ ಕಣೇ. ಬಾಯಿಬಿಟ್ಟು ಹೇಳಬೇಕಾಗಿಲ್ಲ.

ಇಲ್ಲಿ ವಾರ್ಡು ಮಹಿಳೆಗೆ ಬಂತು. ಮನೆ ಮುಂದೆ ಪಟಾಕಿ ಹೊಡೆದರು. ಮಾವನವರು ಮುನಿಯಪ್ಪ ಊರವರನ್ನೆಲ್ಲ ಕರೆದು ಊಟ ಹಾಕಿಸಿದರು. ನಾಲ್ಕೇ ದಿನ ಆ ಸಂತೋಷ. ನಮ್ಮ ಪಕ್ಷದಲ್ಲೇ ಶಂಭುಲಿಂಗಪ್ಪ ಎಂಬುವರು ತಮ್ಮ ಸೊಸೆಗೆ ಟಿಕೆಟ್ ಕೇಳುತ್ತಿದ್ದಾರೆ. ಅವರ ಹುಡುಗರಿಗೆ ನಮ್ಮ ದಾವಣಗೆರೆ ಫೋಟೋ ಎಲ್ಲಿ ಸಿಕ್ಕಿತೋ, ನನ್ನ ಸುತ್ತ ಕೆಂಪು ಗೆರೆ ಎಳೆದು ವಾರ್ಡಿನ ವಾಟ್ಸಾಪ್ ಗುಂಪಿಗೆಲ್ಲ ಹಾಕಿದರು. "ಇವತ್ತು ತಲೆ ಮೇಲೆ ಸೆರಗು, ಅವತ್ತು ತೊಡೆ ಕಾಣೋ ಚಡ್ಡಿ, ಇದು ಯಾವ ಸಂಸ್ಕಾರ?" ಎಂದು ಬರೆದಿದ್ದರು.

ಹದಿನೈದು ವರ್ಷದ ಹುಡುಗಿ ಕಬಡ್ಡಿ ಆಡಿದ್ದು! ಮಧುಕುಮಾರ್ ನನ್ನ ಮುಖ ನೋಡಲಿಲ್ಲ. "ಮದುವೆಗೆ ಮುಂಚೆ ಇದನ್ನೆಲ್ಲ ಯಾಕೆ ಹೇಳ್ಲಿಲ್ಲ?" ಅಂದರು. ಅವರಿಗೆ ಗೊತ್ತಿತ್ತು, ಕಪ್ಪು ನಮ್ಮ ಷೋಕೇಸಿನಲ್ಲೇ ಇದೆ. ಮೂರು ದಿನ ನಾನು ಹೊರಗೆ ಬರಬಾರದು ಅಂದರು, ಬರಲಿಲ್ಲ. ಟಿಕೆಟ್ ಕೈತಪ್ಪುವ ಹಾಗಿದೆ. ಇದಕ್ಕೊಂದು ಉಪಾಯ ಮಾಡುತ್ತೇನೆಂದು ಜೀವನ್ ಹೇಳಿದ್ದಾನೆ. ನೋಡಬೇಕು.

ನಿನ್ನ ಟೀಮು ಗೆಲ್ಲಲಿ.

ಕುಸುಮಾ


ಶಿರಾ
29 ಆಗಸ್ಟ್ 2022

ಕುಸುಮಾ,

ಮಂಗಳವಾರ ಸ್ಟಾಫ್ ರೂಮಿಗೆ ಹೋದಾಗ ಎಲ್ಲರೂ ಒಂದು ಫೋನಿನ ಸುತ್ತ ನಿಂತಿದ್ದರು. ಗಣಿತದ ಪದ್ಮನಾಭ ಸರ್ ಫೋನು ನನ್ನ ಕಡೆ ತಿರುಗಿಸಿ, "ಇದು ನೀವಾ ಮೇಡಂ?" ಅಂದರು.

ವಾಟ್ಸಾಪಿನಲ್ಲಿ ಬೆಂಗಳೂರಿಂದ ಇಲ್ಲಿಯವರೆಗೂ ಬಂದ ಪೋಸ್ಟರು: ಎಡಗಡೆ ದಾವಣಗೆರೆಯ ಫೋಟೋ, ಬಲಗಡೆ ನಾನು ನಿನಗೆ ಕಳಿಸಿದ್ದು. ಸೀಟಿಯನ್ನು ಅಳಿಸಿದ್ದಾರೆ. ಹಿಂದಿದ್ದ ಮೈದಾನವೂ ಇಲ್ಲ, ಕಪ್ಪು ಬಣ್ಣ ತುಂಬಿದ್ದಾರೆ. ಕೆಳಗೆ ಬರೆದದ್ದು ನನಗೆ ಬಾಯಿಪಾಠವಾಗಿದೆ: "ಅಂದು ಇಬ್ಬರಿಗೂ ಸ್ವಾತಂತ್ರ್ಯ. ಇಂದು ನಮ್ಮ ಮಗಳು ಕುಸುಮಾ ಜನಸೇವೆಗೆ, ರಾಜ್ಯ ಮಟ್ಟದ ಎಡ ಮೂಲೆ ಆಟಗಾರ್ತಿ ಕತ್ತಲೆಗೆ. ಹೆಣ್ಣುಮಕ್ಕಳೇ, ಯೋಚಿಸಿ."

ಏನೇನಾಯಿತು ಎಂದು ಹೇಳುತ್ತೇನೆ. ಆಯೇಷಾಳ ಅಮ್ಮ ಬಂದು, "ಟೀಚರ್, ನೀವು ಹಿಂಗೆ ತೊಡೆ ಬಿಟ್ಕೊಂಡು ಆಡಿದ್ದು ನಮಗೆ ಗೊತ್ತಿರಲಿಲ್ಲ. ಗಂಡಸರೆಲ್ಲ ನೋಡಿದಾರೆ" ಎಂದು ಮಗಳ ಕೈ ಹಿಡಿದು ಕರೆದುಕೊಂಡು ಹೋದರು. ರಾಗಿಣಿಯ ಅಪ್ಪ ಬಂದು, "ಮೇಡಂ, ನಿಮ್ಮ ಮೇಲೆ ಗೌರವ ಐತೆ. ಆದ್ರೆ ಈ ಬುರ್ಖಾ ಗಲಾಟೆ ನಮಗೆ ಬ್ಯಾಡ" ಎಂದು ಅವಳನ್ನು ಬಿಡಿಸಿದರು. ಒಬ್ಬರಿಗೆ ಎಡಗಡೆಯ ಫೋಟೋ ಬೇಡ, ಇನ್ನೊಬ್ಬರಿಗೆ ಬಲಗಡೆಯದು ಬೇಡ. ಹದಿನಾಲ್ಕರಲ್ಲಿ ಐದು ಜನ ಉಳಿದಿದ್ದಾರೆ. ಕಬಡ್ಡಿಗೆ ಏಳು ಬೇಕು. ಅನ್ವರ್ ಕಂಬದ ಮೇಲಿದ್ದಾಗ ಕೆಳಗೆ ನಿಂತವರು ಅದೇ ಫೋಟೋ ತೋರಿಸಿ ನಕ್ಕರಂತೆ. ಮನೆಗೆ ಬಂದು ಅವರು ಊಟ ಮಾಡಲಿಲ್ಲ.

ನನಗೆ ಎರಡು ಉತ್ತರ ಬೇಕು. ಆ ಫೋಟೋ ಅವರ ಕೈಗೆ ಹೇಗೆ ಸಿಕ್ಕಿತು? ಮತ್ತೆ, ಇವಳು ನನ್ನ ಸ್ನೇಹಿತೆ, ಕತ್ತಲೆಯಲ್ಲಿ ಇಲ್ಲ, ಮಕ್ಕಳಿಗೆ ಆಟ ಕಲಿಸುತ್ತಿದ್ದಾಳೆ ಎಂದು ನಿನ್ನ ಹೆಸರಿನಲ್ಲಿ ಒಂದು ಸಾಲು ಹಾಕಿಸಲು ಆಗುತ್ತದೆಯಾ?

ದಿಲ್ಶಾದ್


ಕುರುಬರಹಳ್ಳಿ
8 ಸೆಪ್ಟೆಂಬರ್ 2022

ದಿಲ್ಶಾದ್,

ನಿನ್ನ ಕಾಗದ ಓದಿದೆ. ನಿನ್ನಾಣೆ, ನನಗೆ ಏನೂ ಗೊತ್ತಿರಲಿಲ್ಲ. ಫೋಟೋ ನನ್ನ ಬೀರುವಿನಲ್ಲಿತ್ತು, ಜೀವನ್ ಕೇಳದೆ ತೆಗೆದುಕೊಂಡಿದ್ದಾನೆ. ಅವನಿಗೆ ಚೆನ್ನಾಗಿ ಬೈದೆ. ನಿನ್ನ ಹೆಸರನ್ನಾಗಲಿ ಊರನ್ನಾಗಲಿ ಎಲ್ಲೂ ಹಾಕಿಲ್ಲವಲ್ಲ, ಜನ ಬೇಗ ಮರೆಯುತ್ತಾರೆ.

ಈಗಲೇ ಏನಾದರೂ ಹಾಕಿಸಿದರೆ ಗೊಂದಲವಾಗುತ್ತದೆ ಅನ್ನುತ್ತಾರೆ. ಟಿಕೆಟ್ ಪಟ್ಟಿ ಇವತ್ತೋ ನಾಳೆಯೋ ಎನ್ನುವ ಹಾಗಿದೆ. ನಿನಗೆ ಬೇಜಾರಾಗಬಾರದು, ಆದರೆ ಆ ಫೋಟೋ ಬಂದ ಮೇಲೆ ಇಲ್ಲಿ ಗಾಳಿಯೇ ಬದಲಾಯಿತು. ಬಸವೇಶ್ವರನಗರದ ಸಭೆಯಲ್ಲಿ ಕಲಾವತಿಯವರು ನನ್ನ ಕೈ ಎತ್ತಿಸಿ, "ಈಕೆ ಕಬಡ್ಡಿ ಆಡಿದ ಹೆಣ್ಣುಮಗಳು!" ಎಂದರೆ ಹೆಂಗಸರೆಲ್ಲ ಚಪ್ಪಾಳೆ ತಟ್ಟಿದರು. ಮೂರು ವಾರದ ಹಿಂದೆ ಅದೇ ಚಡ್ಡಿಗೆ ಅವರೇ ಮುಖ ತಿರುಗಿಸಿದ್ದರು. ಮಧುಕುಮಾರ್ ಮತ್ತೆ ನನ್ನ ಜೊತೆ ಕೂತು ಊಟ ಮಾಡುತ್ತಿದ್ದಾರೆ. ಮೊನ್ನೆ ಬಿಸಿಲಲ್ಲಿ ಮನೆ ಮನೆ ಸುತ್ತುವಾಗ ತಲೆ ಬೆವೆತು ಸೆರಗು ಜಾರಿತು, ಅಷ್ಟಕ್ಕೇ ಅವರು ಕಣ್ಣು ಕೆಕ್ಕರಿಸಿದರು. ಅದೊಂದು ಬಿಟ್ಟರೆ ಎಲ್ಲ ಚೆನ್ನಾಗಿದೆ.

ನಾನು ಗೆದ್ದರೆ ಮೊದಲು ನಿನಗೆ ಬೆಂಗಳೂರಿನಲ್ಲಿ ಕೆಲಸ ಕೊಡಿಸುತ್ತೇನೆ. ನಿನ್ನನ್ನು ಅಲ್ಲಿಂದ ಬಿಡಿಸುತ್ತೇನೆ. ಇದು ನನ್ನ ಮಾತು.

ಕುಸುಮಾ


ಶಿರಾ
21 ಸೆಪ್ಟೆಂಬರ್ 2022

ಕುಸುಮಾ,

ನಿನ್ನೆ ಹೆಡ್‌ಮಾಸ್ಟರ್ ಕರೆದು, ನಾಳೆಯಿಂದ ಬರುವುದು ಬೇಡ ಅಂದರು. ನಾನು ಕಾಯಂ ಅಲ್ಲ, ಕಾರಣ ಹೇಳಬೇಕಾಗಿಲ್ಲ. ಆದರೂ ಪಾಪ ಹೇಳಿದರು: "ನಿಮ್ಮದು ತಪ್ಪು ಅಂತಲ್ಲಮ್ಮ. ಎರಡು ಕಡೆಯವರೂ ಬಂದು ಕೇಳ್ತಾರೆ, ಆಡಳಿತ ಮಂಡಳಿಯವರು ಹೆದರ್ಕೊಂಡಿದಾರೆ." ಸೀಟಿ ಮತ್ತು ಸ್ಟೋರಿನ ಬೀಗದ ಕೈ ಕೊಟ್ಟು ಬಂದೆ. ಜಿಲ್ಲೆಯ ಆಟಕ್ಕೆ ಶಾಲೆಯಿಂದ ಹೆಸರನ್ನೇ ಕಳಿಸಲಿಲ್ಲ.

ಈಗ ನಿನ್ನ ಕಾಗದದ ಮಾತಿಗೆ ಬರುತ್ತೇನೆ. ನನ್ನ ಕಾಗದಗಳನ್ನು ಅಮ್ಮನ ಮನೆಯಲ್ಲೇ ಓದಿ ಅಲ್ಲೇ ಟ್ರಂಕಿನಲ್ಲಿ ಇಟ್ಟು ಬರುತ್ತೇನೆ ಎಂದು ಬರೆದವಳು ನೀನು. ಫೋಟೋ ನಿನ್ನ ಬೀರುವಿಗೆ ಹೇಗೆ ಬಂತು? ಹೋಗಲಿ, ನೀನೇ ತಂದೆ ಎಂದುಕೊಳ್ಳೋಣ. ನಾನು ಎಡ ಮೂಲೆಯಲ್ಲಿ ನಿಲ್ಲುತ್ತಿದ್ದೆ ಎಂದು ನಿನ್ನ ಮೈದುನನಿಗೆ ಯಾರು ಹೇಳಿದರು? ಫೋಟೋದಲ್ಲಿ ನಾವು ಕಪ್ಪು ಹಿಡಿದು ನಿಂತಿದ್ದೇವೆ, ಮೂಲೆಯಲ್ಲಿ ನಿಂತಿಲ್ಲ.

ಇದು ನನಗೆ ಆಗಸ್ಟಿನಲ್ಲೇ ಗೊತ್ತಾಗಿತ್ತು. ಹೇಗೆ ಸಿಕ್ಕಿತು ಎಂದು ಕೇಳಿದ್ದು ನೀನೇ ಹೇಳಲಿ ಎಂದು. ನಿನ್ನಾಣೆ ಎಂದು ನನ್ನ ಮೇಲೆಯೇ ಆಣೆ ಇಟ್ಟೆಯಲ್ಲ.

ದಿಲ್ಶಾದ್


ವಿಜಯನಗರ
16 ಅಕ್ಟೋಬರ್ 2022

ದಿಲ್ಶಾದ್,

ಅಮ್ಮನ ಮನೆಯಲ್ಲಿ ಕೂತು ಬರೆಯುತ್ತಿದ್ದೇನೆ. ನಾನೇ ಕೊಟ್ಟೆ.

ಆ ಫೋಟೋ ಬಂದ ಶುಕ್ರವಾರ ಅದನ್ನು ಟ್ರಂಕಿನಲ್ಲಿ ಇಡಲು ಮನಸ್ಸಾಗದೆ ಬ್ಯಾಗಿಗೆ ಹಾಕಿಕೊಂಡಿದ್ದೆ. ಅದು ಪ್ರೀತಿಯಿಂದಲೇ, ಇದನ್ನಾದರೂ ನಂಬು. ಆಗಸ್ಟಿನಲ್ಲಿ ರಾಜಾಜಿನಗರದ ಪಕ್ಷದ ಆಫೀಸಿಗೆ ಕರೆಸಿದರು. ಮಧುಕುಮಾರ್, ಜೀವನ್, ಕಲಾವತಿಯವರು, ಇನ್ನೂ ನಾಲ್ಕು ಜನ ಗಂಡಸರು. ನನ್ನ ಚಡ್ಡಿಯ ಫೋಟೋವನ್ನು ಮೇಜಿನ ಮೇಲಿಟ್ಟುಕೊಂಡು ನನ್ನೆದುರಿಗೇ ಚರ್ಚೆ ಮಾಡಿದರು. ಟಿಕೆಟ್ ಶಂಭುಲಿಂಗಪ್ಪನವರ ಸೊಸೆಗೇ ಎಂದು ಆಗಿಹೋಗಿತ್ತು. ಆಗ ಕಲಾವತಿಯವರು, "ಪಕ್ಕದಲ್ಲಿರೋ ಹುಡುಗಿ ಯಾರು?" ಅಂದರು. ಹೆಸರು ಹೇಳಿದೆ. ಅವರು ಕುರ್ಚಿ ಹತ್ತಿರ ಎಳೆದುಕೊಂಡರು. "ಈಗ ಹೇಗಿದಾಳೆ?" ಅಂದರು.

ಯಾರೂ ನನ್ನ ಬ್ಯಾಗಿಗೆ ಕೈ ಹಾಕಲಿಲ್ಲ. ನಾನೇ ತೆಗೆದುಕೊಟ್ಟೆ. ಎಡ ಮೂಲೆ ಎಂದು ಹೇಳಿದವಳೂ ನಾನೇ. ಜೀವನ್ ಅಲ್ಲೇ ಕೂತು ಬರೆದ. "ಸ್ವಾತಂತ್ರ" ಎಂದು ತಪ್ಪಾಗಿ ಬರೆದಿದ್ದ. ನಾನು ತಿದ್ದಿ ಯ ಒತ್ತು ಹಾಕಿಸಿದೆ. ಅದೇ ನನಗೆ ಈಗಲೂ ನಿದ್ದೆ ಕೆಡಿಸುತ್ತದೆ. ನಿನ್ನ ಬಗ್ಗೆ ಬರೆದದ್ದನ್ನು ತಡೆಯಲಿಲ್ಲ, ಅದರ ಕಾಗುಣಿತ ಸರಿ ಮಾಡಿದೆ.

ಅದೆಲ್ಲ ಯಾತಕ್ಕಾಯಿತು ಗೊತ್ತಾ? ಕೋರ್ಟು ಮೀಸಲಾತಿ ಪಟ್ಟಿಯನ್ನೇ ರದ್ದು ಮಾಡಿತು. ಎಲೆಕ್ಷನ್ ಇಲ್ಲ. ಯಾವಾಗ ಎಂದು ಯಾರಿಗೂ ಗೊತ್ತಿಲ್ಲ. ಹೊಸ ಪಟ್ಟಿಯಲ್ಲಿ ವಾರ್ಡು ಸಾಮಾನ್ಯಕ್ಕೆ ಬಂದರೆ ತಾವೇ ನಿಲ್ಲುತ್ತೇನೆ ಎಂದು ಮಧುಕುಮಾರ್ ಈಗಲೇ ಓಡಾಟ ಶುರು ಮಾಡಿದ್ದಾರೆ. ನನ್ನ ಫ್ಲೆಕ್ಸುಗಳನ್ನು ಮಾವನವರು ದನದ ಕೊಟ್ಟಿಗೆಯ ಮೇಲೆ ಹೊದಿಸಿದ್ದಾರೆ. ಮೊನ್ನೆ ಬೆಳಿಗ್ಗೆ ಚೂಡಿದಾರ ಹಾಕಿಕೊಂಡು ತರಕಾರಿಗೆ ಹೊರಟೆ. ಅತ್ತೆ ಬಾಗಿಲಲ್ಲಿ ನಿಲ್ಲಿಸಿದರು. "ಇಷ್ಟು ದಿನ ಲಕ್ಷಣವಾಗಿ ಇದ್ದೆಯಲ್ಲಮ್ಮ, ಜನರೂ ನೋಡಿದಾರೆ. ಈಗ್ಯಾಕೆ ಮತ್ತೆ ಹಿಂಗೆ?" ಮಧುಕುಮಾರ್ ಪೇಪರಿನಿಂದ ತಲೆ ಎತ್ತದೆ, "ಹೌದು, ಅದೇ ಇರ್ಲಿ" ಅಂದರು. ಒಳಗೆ ಹೋಗಿ ಸೀರೆ ಉಟ್ಟು ಸೆರಗು ಹೊದ್ದು ಬಂದೆ.

ಒಂದು ದಿನ ಶಿರಾಕ್ಕೆ ಬರುತ್ತೇನೆ. ನಿನ್ನ ಕಾಲಿಗೆ ಬೀಳುತ್ತೇನೆ.

ಕುಸುಮಾ


ಶಿರಾ
2 ನವೆಂಬರ್ 2022

ಕುಸುಮಾ,

ಬರಬೇಡ. ನೀನು ಬಂದರೆ ಯಾರಾದರೂ ಫೋಟೋ ತೆಗೆಯುತ್ತಾರೆ.

ಫೋಟೋ ಕೊಟ್ಟದ್ದು ಹೆದರಿಕೆಯಿಂದ. ಹೆದರಿದವರು ಏನು ಮಾಡುತ್ತಾರೆ ಎಂದು ನನಗೆ ಗೊತ್ತು, ಈ ವರ್ಷ ಬಹಳ ಜನರನ್ನು ನೋಡಿದೆ. ನನಗೆ ನುಂಗಲಾಗದ್ದು ಅದಕ್ಕಿಂತ ಮೊದಲಿನದು. ನಾನು ಎರಡು ಪುಟ ಬರೆದು ನಾನು ಹೇಗಿದ್ದೇನೆ ಎಂದು ಹೇಳಿದ್ದೆ. ನೀನು ಅದನ್ನು ಓದದೆ ಬಟ್ಟೆ ನೋಡಿ ಅತ್ತೆ. ನಾನು ಸುಳ್ಳು ಹೇಳುತ್ತಿದ್ದೇನೆ, ನನ್ನ ಗಂಡ ಪಕ್ಕದಲ್ಲಿ ನಿಂತು ಬರೆಸುತ್ತಿದ್ದಾನೆ ಎಂದುಕೊಂಡೆ. ಗೇಟಿನಲ್ಲಿ ನಿಂತು ಆ ಹುಡುಗಿಯರನ್ನು ತಡೆದವರೂ ಹೀಗೆಯೇ, ಅವರ ಮಾತು ಕೇಳಲಿಲ್ಲ.

ರಾಗಿಣಿಯನ್ನು ಮಧುಗಿರಿಯ ಸೋದರತ್ತೆಯ ಮನೆಗೆ ಕಳಿಸಿದ್ದಾರೆ. ಅಲ್ಲಿ ಶಾಲೆಗೆ ಮೈದಾನವೇ ಇಲ್ಲವಂತೆ. ಆಯೇಷಾ ರಸ್ತೆಯಲ್ಲಿ ಸಿಕ್ಕಿದರೆ ಬೇರೆ ಕಡೆ ನೋಡುತ್ತಾಳೆ. ನಾನು ಮನೆಯಲ್ಲೇ ಇದ್ದೇನೆ.

ನೀನು ಕಾಲಿಗೆ ಬೀಳುವುದು ಬೇಡ. ಒಂದೇ ಒಂದು ಕೆಲಸ ಮಾಡು. ನಮ್ಮ ಶಾಲೆಯ ಆಡಳಿತ ಮಂಡಳಿಗೆ ಒಂದು ಕಾಗದ ಬರೆ. ಆ ಫೋಟೋವನ್ನು ದಿಲ್ಶಾದ್ ನನಗೆ ಸ್ನೇಹದಿಂದ ಕಳಿಸಿದ್ದಳು, ಅವಳಿಗೆ ತಿಳಿಸದೆ ನಾನು ಬಳಸಿದೆ, ಅವಳಿಗೂ ಯಾವ ಪಕ್ಷಕ್ಕೂ ಸಂಬಂಧವಿಲ್ಲ ಎಂದು. ಕೆಳಗೆ ನಿನ್ನ ಸಹಿ ಇರಲಿ. ಅದಿದ್ದರೆ ಜೂನಿನಲ್ಲಿ ಮತ್ತೆ ತೆಗೆದುಕೊಳ್ಳುತ್ತೇವೆ ಎಂದು ಹೆಡ್‌ಮಾಸ್ಟರ್ ಹೇಳಿದ್ದಾರೆ. ಹುಡುಗಿಯರ ಮನೆಗಳಿಗೂ ನಾನೇ ತೆಗೆದುಕೊಂಡು ಹೋಗಿ ತೋರಿಸುತ್ತೇನೆ.

ನಾಲ್ಕು ಸಾಲು ಸಾಕು.

ದಿಲ್ಶಾದ್


ಬೆಂಗಳೂರು
24 ನವೆಂಬರ್ 2022

ದಿಲ್ಶಾದ್,

ನಿನ್ನ ಕಾಗದ ಬಂದ ದಿನವೇ ಬರೆಯಲು ಕೂತೆ. ಮೂರು ಸಲ ಹರಿದು ಹಾಕಿದೆ. ನಾಲ್ಕನೆಯದು ಚೆನ್ನಾಗಿ ಬಂತು, ನೀನು ಹೇಳಿದ್ದಕ್ಕಿಂತ ಹೆಚ್ಚೇ ಬರೆದಿದ್ದೇನೆ. ನಿನ್ನ ಆಟ, ನಿನ್ನ ಅಬ್ಬಾ, ನೀನು ಮಕ್ಕಳನ್ನು ನೋಡಿಕೊಂಡ ರೀತಿ, ಎಲ್ಲ ಇದೆ. ಓದುವವರಿಗೆ ಕಣ್ಣಲ್ಲಿ ನೀರು ಬರಬೇಕು.

ಸಹಿ ಹಾಕುವ ಮುಂಚೆ ಮಧುಕುಮಾರ್‌ಗೆ ತೋರಿಸಿದೆ. ತೋರಿಸಬಾರದಿತ್ತು. ಅವರು ಕೂಗಾಡಲಿಲ್ಲ. ಎರಡು ಸಲ ಓದಿದರು. "ಚೆನ್ನಾಗಿ ಬರ್ದಿದೀಯ. ಆದ್ರೆ ನಾಳೆ ಇದು ಶಂಭುಲಿಂಗಪ್ಪನ ಕೈಗೆ ಸಿಕ್ಕಿದ್ರೆ? ಸಹಿ ಹಾಕಿದ ಮೇಲೆ ಇಲ್ಲ ಅನ್ನೋಕಾಗಲ್ಲ. ಮಕ್ಕಳಿದಾವೆ, ಯೋಚನೆ ಮಾಡು" ಅಂದರು. ಹದಿನೈದು ದಿನ ಯೋಚಿಸಿದೆ.

ಕಾಗದವನ್ನು ಇದರ ಜೊತೆಗೇ ಇಟ್ಟಿದ್ದೇನೆ. ಸಹಿ ಇಲ್ಲ. ನೀನು ಹೆಡ್‌ಮಾಸ್ಟರ್‌ಗೆ ಹಾಗೇ ತೋರಿಸು, ಒಳ್ಳೆಯವರ ಹಾಗೆ ಕಾಣುತ್ತಾರೆ, ನಂಬಬಹುದು. ಯಾರು ಬರೆದದ್ದು ಎಂದು ಕೇಳಿದರೆ ಮಾತ್ರ ನನ್ನ ಹೆಸರು ಹೇಳಬೇಡ.

ಈ ಕಾಗದಕ್ಕೂ ಹೆಸರು ಹಾಕುತ್ತಿಲ್ಲ. ನಿನಗೆ ನನ್ನ ಅಕ್ಷರ ಗೊತ್ತು.